ಎರಡು ಮೊರಗಳ ನಡುವೆ ಗೌರಿ

ಕನ್ನಂಬಾಡಿ ಕಟ್ಟೆಯಲ್ಲಿ ನೀರು 124.80 ಅಡಿ ಮುಟ್ಟಿತೆಂದರೆ ಮುಖ್ಯಮಂತ್ರಿಗಳು ಮೊರ ಹಿಡಿದು ಕಾವೇರಿಯ ಮುಂದೆ ಬಂದು ನಿಲ್ಲುತ್ತಾರೆ. ಯಾವ ಪಕ್ಷದವರೇ ಆಗಲಿ, ಇದನ್ನು ತಪ್ಪಿಸುವುದಿಲ್ಲ. 2025ರಲ್ಲಂತೂ ಜೂನ್ ಮುಗಿಯುವ ಮೊದಲೇ ಕಟ್ಟೆ ತುಂಬಿ, ಬಾಗಿನವೂ ಬೇಗನೇ ನಡೆಯಿತು. ಅರಿಶಿನ, ಕುಂಕುಮ, ಬಳೆ, ರವಿಕೆ ಕಣ, ತೆಂಗಿನಕಾಯಿ ತುಂಬಿದ ಮೊರವನ್ನು ಮಂತ್ರಿಗಳು ನೀರಿಗೆ ಬಿಡುವ ಚಿತ್ರ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ನೀರಾವರಿ ಇಲಾಖೆಯ ಲೆಕ್ಕ ಅಡಿಯಲ್ಲಿ, ಟಿಎಂಸಿಯಲ್ಲಿ. ಆದರೆ ಲೆಕ್ಕ ಭರ್ತಿಯಾದ ದಿನ ನದಿಗೆ ಸಲ್ಲುವುದು ಬಳೆ.

ನದಿಗೇಕೆ ಬಳೆ? ಇದಕ್ಕೆ ಉತ್ತರ ಬೇಕಾದವರು ಭಾದ್ರಪದ ಶುದ್ಧ ತದಿಗೆಯ ಬೆಳಗ್ಗೆ ಹಳೇ ಮೈಸೂರು ಸೀಮೆಯ ಯಾವುದಾದರೊಂದು ಮನೆಗೆ ಹೋಗಬೇಕು. ಅಂದು ಸ್ವರ್ಣಗೌರಿ ವ್ರತ, ಎಲ್ಲರ ಬಾಯಲ್ಲಿ ಬರೀ ಗೌರಿ ಹಬ್ಬ. ಮರುದಿನ ಚೌತಿ. ಗಣಪನ ಗದ್ದಲದಲ್ಲಿ ಅಮ್ಮನ ಹಬ್ಬ ಹೊರಗಿನವರ ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ. ಪೆಂಡಾಲಿಲ್ಲ, ಮೈಕಿಲ್ಲ. ಒಂದು ಮನೆಯಲ್ಲಿ ಬಣ್ಣದ ಮಣ್ಣಿನ ಮೂರ್ತಿ, ಇನ್ನೊಂದರಲ್ಲಿ ಬೆರಳುದ್ದದ ಅರಿಶಿನದ ಗೌರಿ. ಕೆಲವು ಕಡೆ ಕೆರೆಗೋ ಬಾವಿಗೋ ಹೋಗಿ ಗಂಗೆ ಪೂಜೆ ಮಾಡಿ, ಅಲ್ಲಿಂದಲೇ ಗೌರಿಯನ್ನು ಮನೆಗೆ ಕರೆತರುತ್ತಾರೆ. ಕೈಗೆ ಹದಿನಾರು ಗಂಟಿನ ಗೌರಿದಾರ.

ನವರಾತ್ರಿಯ ದೇವಿ ಮಹಿಷನನ್ನು ಕೊಲ್ಲಲು ಬರುತ್ತಾಳೆ, ವರಮಹಾಲಕ್ಷ್ಮಿ ವರ ಕೊಡಲು ಬರುತ್ತಾಳೆ. ಗೌರಿ ಸುಮ್ಮನೆ ತವರಿಗೆ ಬರುತ್ತಾಳೆ. ಒಂದೆರಡು ದಿನ ಇದ್ದು ಕೈಲಾಸಕ್ಕೆ ಮರಳುತ್ತಾಳೆ. ಮರುದಿನ ಬರುವ ಮಗ ಅಮ್ಮನನ್ನು ಕರೆದೊಯ್ಯಲು ಬಂದವನು ಎಂದು ಮಕ್ಕಳಿಗೆ ಹೇಳುವುದುಂಟು. ದೇವರ ಮುಂದೆ ಮಗುವಾಗಿ ನಿಂತು ಬೇಡುವ ಭಕ್ತಿ ಎಲ್ಲರಿಗೂ ಗೊತ್ತಿರುವುದೇ. ಇಲ್ಲಿ ಜಗನ್ಮಾತೆಯೇ ಮನೆಮಗಳು. ಅವಳಿಗೆ ಮಡಿಲು ತುಂಬುವವಳು ತಾಯಿಯ ಜಾಗದಲ್ಲಿ ನಿಲ್ಲುತ್ತಾಳೆ. ಬೇಡುವವಳು ಕೊಡುವವಳಾಗುತ್ತಾಳೆ. ಈ ಹಬ್ಬದ ಅಧ್ಯಾತ್ಮವೆಲ್ಲ ಈ ಅದಲುಬದಲಿನಲ್ಲಿದೆ.

ಇನ್ನು ಕಥೆ ಕೇಳಿ. ಇದೇ ತದಿಗೆಯನ್ನು ಉತ್ತರ ಭಾರತದಲ್ಲಿ ಹರಿತಾಲಿಕಾ ಎನ್ನುತ್ತಾರೆ. ಹರಿತ ಎಂದರೆ ಅಪಹರಿಸಿದ, ಆಲಿ ಎಂದರೆ ಗೆಳತಿ. ನಾರದ ತಂದ ಸಂಬಂಧಕ್ಕೆ ಒಪ್ಪಿ ಹಿಮವಂತ ಮಗಳನ್ನು ವಿಷ್ಣುವಿಗೆ ಕೊಡಲು ಮಾತು ಕೊಡುತ್ತಾನೆ. ಮಗಳ ಮನಸ್ಸಿನಲ್ಲಿರುವವನು ಶಿವ. ಗೆಳತಿ ಅವಳನ್ನು ಅರಮನೆಯಿಂದ ಹಾರಿಸಿಕೊಂಡು ಹೋಗಿ ಕಾಡಿನಲ್ಲಿ ಅಡಗಿಸುತ್ತಾಳೆ. ಅಲ್ಲಿ ಪಾರ್ವತಿ ಮರಳಿನಲ್ಲಿ ಲಿಂಗ ಮಾಡಿ, ಉಪವಾಸವಿದ್ದು, ರಾತ್ರಿಯಿಡೀ ಎಚ್ಚರವಿದ್ದು ಒಲಿಸಿಕೊಳ್ಳುತ್ತಾಳೆ. ಸೌಮಂಗಲ್ಯದ ವ್ರತವೆಂದು ಹೆಸರಾದ ಹಬ್ಬದ ಬುಡದಲ್ಲಿ ಇರುವುದು, ಅಪ್ಪ ಗೊತ್ತು ಮಾಡಿದ ಗಂಡನ್ನು ಒಲ್ಲೆ ಎಂದ ಹುಡುಗಿ ಮತ್ತು ಅವಳ ಬೆನ್ನಿಗೆ ನಿಂತ ಒಬ್ಬ ಗೆಳತಿ! ಪೂಜೆಯ ಕೊನೆಗೆ ಕಥೆ ಓದುವಾಗ ಅಕ್ಷತೆ ಹಿಡಿದು ಕೂತ ಎಷ್ಟು ಜನ ಅಪ್ಪಂದಿರು ಇದನ್ನು ಗಮನಿಸಿದ್ದಾರೋ.

ಗೌರಿ ಎಂಬ ಹೆಸರಿನದೂ ಒಂದು ಸ್ವಾರಸ್ಯವಿದೆ. ಗೌರವರ್ಣದವಳು, ಹೊನ್ನಿನ ಬಣ್ಣದವಳು ಎಂದರ್ಥ. ಆದರೆ ಅವಳು ಮೊದಲಿಂದ ಹಾಗಿರಲಿಲ್ಲ ಎನ್ನುತ್ತದೆ ಮತ್ಸ್ಯಪುರಾಣ. ಶಿವ ಅವಳ ಕಪ್ಪು ಬಣ್ಣವನ್ನು ಆಡಿಕೊಂಡ. ಮುನಿದ ಪಾರ್ವತಿ ತಪಸ್ಸಿಗೆ ಹೋಗಿ ಬ್ರಹ್ಮನಿಂದ ವರ ಪಡೆದು ಕಪ್ಪು ಚರ್ಮವನ್ನು ಕಳಚಿದಳು. ಆ ಕಪ್ಪೇ ಕೌಶಿಕಿಯೆಂಬ ದೇವಿಯಾಯಿತು. ದೇವೀಮಾಹಾತ್ಮ್ಯೆ ತೆರೆದರೆ ಅಲ್ಲಿ ಎಲ್ಲ ತಿರುಗುಮುರುಗು. ಪಾರ್ವತಿಯ ಮೈಯಿಂದ ಕೌಶಿಕಿ ಚೆಲುವೆಯಾಗಿ ಹೊರಬಂದಳು, ಉಳಿದ ಪಾರ್ವತಿ ಕಪ್ಪಾಗಿ ಕಾಳಿಕೆಯಾದಳು. ಯಾವುದು ಸರಿ ಎಂದು ಕೇಳಿದರೆ ಪುರಾಣಗಳು ನಗಬಹುದು. ಕಾಳಿಯೂ ಗೌರಿಯೂ ಒಂದೇ ಮೈಯವರು ಎಂಬುದರಲ್ಲಿ ಎರಡಕ್ಕೂ ತಕರಾರಿಲ್ಲ. ಬಾಗಿನದ ಮೊರದಲ್ಲೂ ನೋಡಿ, ಹೊನ್ನಿನ ಬಣ್ಣದ ಅರಿಶಿನದ ಮಗ್ಗುಲಲ್ಲೇ ಕಪ್ಪು ಬಳೆ, ಕರಿಮಣಿ.

ಈಗ ಆ ಮೊರಕ್ಕೇ ಬರೋಣ. ಮೇದಾರರು ಬಿದಿರಿನಲ್ಲಿ ಹೆಣೆದ ಪುಟ್ಟ ಮೊರಗಳು ಹಬ್ಬಕ್ಕೆ ವಾರವಿರುವಾಗಲೇ ಮಾರುಕಟ್ಟೆಗೆ ಬರುತ್ತವೆ. ತೊಳೆದು, ಅರಿಶಿನ ಹಚ್ಚಿ, ಕುಂಕುಮವಿಟ್ಟು ಒಣಗಿಸಬೇಕು. ಒಳಗೆ ಅಕ್ಕಿ, ತೊಗರಿಬೇಳೆ, ಹೆಸರುಬೇಳೆ, ರವೆ, ಉಪ್ಪು, ಬೆಲ್ಲ. ಬಾಚಣಿಗೆ, ಪುಟ್ಟ ಕನ್ನಡಿ, ಬಳೆ-ಬಿಚ್ಚೋಲೆ. ಬಿಚ್ಚೋಲೆ ಎಂದರೆ ಸುರುಳಿ ಸುತ್ತಿದ ಓಲೆಗರಿಯ ಕಿವಿಯಾಭರಣ. ಅದನ್ನು ಕಿವಿಗಿಡುವವರು ಈಗ ಯಾರೂ ಇಲ್ಲ, ಆದರೆ ಗ್ರಂಧಿಗೆ ಅಂಗಡಿಯ ಪೊಟ್ಟಣದಿಂದ ಅದು ಮಾಯವಾಗಿಲ್ಲ. ಮದುವೆಯಾದ ಮೊದಲ ವರ್ಷ ಹದಿನಾರು ಬಾಗಿನ ಕೊಡುವ ಪದ್ಧತಿಯೂ ಇದೆ.

ತುಂಬಿದ ಮೊರದ ಮೇಲೆ ಇನ್ನೊಂದು ಮೊರ ಕವುಚಿ, ಸೆರಗು ಮುಚ್ಚಿ ಕೊಡುತ್ತಾರೆ. ಪಡೆಯುವವಳೂ ಸೆರಗಿನಲ್ಲೇ ಹಿಡಿಯುತ್ತಾಳೆ. ಒಳಗೇನಿದೆ, ಎಷ್ಟಿದೆ ಎಂದು ಸುತ್ತಲಿನವರಿಗೆ ಕಾಣುವುದಿಲ್ಲ. ಕೊಟ್ಟವಳಿಗೂ ಆ ಹೊತ್ತಿಗೆ ಎದುರಿಗಿರುವುದು ಪಕ್ಕದ ಮನೆಯಾಕೆಯೋ ನಾದಿನಿಯೋ ಅಲ್ಲ. ಅವಳನ್ನು ಗೌರಿಯೆಂದೇ ಭಾವಿಸಿ ಅರಿಶಿನ ಕುಂಕುಮ ಕೊಟ್ಟು ನಮಸ್ಕರಿಸುತ್ತಾಳೆ. ಅವಳಿಂದ ಬಾಗಿನ ಪಡೆಯುವಾಗ ಇವಳೇ ಗೌರಿ. ದೇವಿ ಮಂಟಪದಿಂದಿಳಿದು ಒಬ್ಬಳ ಸೆರಗಿನಿಂದ ಇನ್ನೊಬ್ಬಳ ಸೆರಗಿಗೆ ದಾಟುತ್ತಾ ಹೋಗುತ್ತಾಳೆ.

ಎಲ್ಲರ ಸೆರಗಿಗೂ ದಾಟುವುದಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಬಾಗಿನ ಮುತ್ತೈದೆಯರಿಗೆ ಮಾತ್ರ. ವರ್ಷದ ಹಿಂದೆ ಇದೇ ನಡುಮನೆಯಲ್ಲಿ ಗೌರಿಯಾಗಿ ಕೂತವಳು, ಗಂಡ ಹೋದನೆಂದು ಈ ವರ್ಷ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಾಳೆ. ಸಂಪ್ರದಾಯ ಎಂದರೆ ಅಲ್ಲಿಗೆ ಮಾತು ಮುಗಿಯಿತು. ಆದರೆ ವ್ರತಕಥೆಯ ಪಾರ್ವತಿ ಪೂಜೆಗೆ ಕೂತಾಗ ಮುತ್ತೈದೆಯಾಗಿರಲಿಲ್ಲ, ಮದುವೆಯಾಗದ ಹುಡುಗಿ. ಈ ನಿಯಮವನ್ನು ಕಾಡಿನ ಆ ಮರಳ ಲಿಂಗದ ಮುಂದೆ ಯಾರೂ ಕೇಳಿರಲಾರರು. ಕೆಲವು ಮನೆಗಳಲ್ಲಿ ಅಮ್ಮನಿಗೇ ಮೊದಲ ಬಾಗಿನ ಕೊಡುವ ಹೆಣ್ಣುಮಕ್ಕಳಿದ್ದಾರೆ, ಅವಳಿಗೆ ಗಂಡನಿರಲಿ ಇಲ್ಲದಿರಲಿ. ಕಥೆಗೆ ಹತ್ತಿರ ಇರುವವರು ಅವರೇ.

ಗೌರಿ ಎಲ್ಲೆಡೆ ಒಂದೇ ದಿನ ಬರುವುದೂ ಇಲ್ಲ. ಉತ್ತರ ಕರ್ನಾಟಕದಲ್ಲಿ ಅವಳ ಸಡಗರ ಗೌರಿ ಹುಣ್ಣಿಮೆಗೆ. ಮಕ್ಕಳು ಸಕ್ಕರೆ ಗೊಂಬೆಗಳ ಆರತಿ ಹಿಡಿದು ಹೊರಡುತ್ತಾರೆ. ಅರಸೀಕೆರೆ ತಾಲ್ಲೂಕಿನ ಮಾಡಾಳು ಗ್ರಾಮದ ಗೌರಮ್ಮನಿಗೆ ಊರೇ ತವರು. ತದಿಗೆಯಂದು ಕೂತವಳನ್ನು ಹಲವು ದಿನ ಇರಿಸಿಕೊಂಡು, ಮಡಿಲಕ್ಕಿ ಕರ್ಪೂರಗಳ ಹರಕೆ ಒಪ್ಪಿಸಿದ ಮೇಲೆಯೇ ಕಳಿಸಿಕೊಡುತ್ತಾರೆ.

ತವರಿನ ಎಳೆ ಮನುಷ್ಯರ ಮಗಳಿಗೂ ಚಾಚಿಕೊಂಡಿದೆ. ಮದುವೆಯಾಗಿ ಎಷ್ಟು ವರ್ಷವಾಗಿದ್ದರೂ ಗೌರಿ ಹಬ್ಬಕ್ಕೆ ತವರಿನಿಂದ ಮಂಗಳದ್ರವ್ಯ ಬರಬೇಕು. ಹಿಂದೆ ಅಣ್ಣನ ಹೆಸರಿನ ಮನಿಯಾರ್ಡರ್ ಬರುತ್ತಿತ್ತು, ಈಗ ಮೊಬೈಲಿನಲ್ಲಿ ಟಣ್ ಎನ್ನುತ್ತದೆ. ಆ ದುಡ್ಡಿನಲ್ಲಿ ಒಂದು ಡಜನ್ ಬಳೆಯಷ್ಟೇ ಬಂದರೂ ಅದರ ಲೆಕ್ಕ ಬೇರೆ. ಎಪ್ಪತ್ತರ ಅಜ್ಜಿಯೂ ಅಂದು ಯಾರದೋ ಮಗಳು, ಯಾರದೋ ತಂಗಿ.

ಕೊನೆಗೆ ಗೌರಿಯನ್ನು ಕದಲಿಸುವ ಹೊತ್ತು. ಆರತಿ ಮುಗಿಸಿ, ಮೂರ್ತಿಯನ್ನು ಇಟ್ಟ ಜಾಗದಿಂದ ಬೆರಳಷ್ಟು ಸರಿಸುತ್ತಾರೆ. ಕಳಿಸುತ್ತೇವೆ, ಹೋಗು ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ; ಮತ್ತೆ ಬಾ ಎನ್ನುತ್ತಾರೆ. ದಾರಿಗೆಂದು ಬುತ್ತಿ ಕಟ್ಟುವ ಮನೆಗಳೂ ಇವೆ. ಅಮ್ಮ ಮಗ ಇಬ್ಬರನ್ನೂ ಒಂದೇ ಮಣೆಯ ಮೇಲೆ ಕೂರಿಸಿಕೊಂಡು ಕೆರೆಯ ಕಡೆ ಹೊರಡುತ್ತಾರೆ. ಬಾಗಿನ ತಿರುಗಿ ನೀರಿನ ಹತ್ತಿರ ಬಂತು. ಅರಿಶಿನದ ಗೌರಿ ಕರಗಲು ಹೆಚ್ಚು ಹೊತ್ತು ಬೇಡ, ಒಂದು ಗಳಿಗೆ ನೀರು ಹಳದಿಯಾಗುತ್ತದೆ.