ಸಿಲಿಂಡರಿನಲ್ಲಿ ಖಾಲಿ ಜಾಗವೇಕೆ?



ಬೇತಮಂಗಲದ ಕೆರೆಯ ನೀರು ಒಂದು ಕಾಲದಲ್ಲಿ ಕೋಲಾರದ ಚಿನ್ನದ ಗಣಿ ಪ್ರದೇಶದ ದಾಹ ತಣಿಸುತ್ತಿತ್ತು. ಆದರೆ 3 ಕಿಲೋಮೀಟರಿಗೂ ಆಳವಾಗಿದ್ದ ಚಾಂಪಿಯನ್ ರೀಫ್ ಗಣಿಯ ತಳದಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ಮೀರುತ್ತಿತ್ತು. ಅಲ್ಲಿ ನೀರೊಂದೇ ಸಾಲದು. 2001ರಲ್ಲಿ ಮುಚ್ಚಿದ ಈ ಗಣಿಗಳಲ್ಲಿ ಗಾಳಿಯನ್ನು ಯಂತ್ರಗಳಿಂದ ತಂಪುಮಾಡಬೇಕಾಗಿತ್ತು. ಅಂಥ ಯಂತ್ರಗಳ ಜೀವಾಳ ಶೀತಕ ದ್ರವ.

ನಮ್ಮ ಫ್ರಿಜ್ಜು, ಕಾರಿನ ಏಸಿಗಳಲ್ಲೂ ಶೀತಕವಿದೆ. ಮೆಕ್ಯಾನಿಕ್ ಅದನ್ನು ‘ಗ್ಯಾಸ್’ ಎನ್ನುತ್ತಾನೆ. ಆದರೆ ಸಿಲಿಂಡರಿನೊಳಗೆ ಅದು ಬಹುಪಾಲು ದ್ರವವೇ. ಆರ್-134ಎ ಎಂಬ ಶೀತಕವನ್ನು ನೋಡಿ. ಬಯಲಿನಲ್ಲಿ ಅದು ಮೈನಸ್ 26 ಡಿಗ್ರಿಯಲ್ಲೇ ಕುದಿಯುತ್ತದೆ. 25 ಡಿಗ್ರಿಯಲ್ಲಿ ಅದನ್ನು ದ್ರವವಾಗಿ ಹಿಡಿದಿಡಲು ವಾಯುಮಂಡಲದ ಸುಮಾರು ಆರೂವರೆ ಪಟ್ಟು ಒತ್ತಡ ಬೇಕು. 50 ಡಿಗ್ರಿಯಲ್ಲಿ 13 ಪಟ್ಟು.

ಒತ್ತಡ ಇಮ್ಮಡಿಯಾದರೆ ದ್ರವ ಕುಗ್ಗಬೇಕಲ್ಲವೇ? ಇಲ್ಲ, ಅದು ಹಿಗ್ಗುತ್ತದೆ! ದ್ರವದ ಅಣುಗಳು ಒತ್ತೊತ್ತಾಗಿರುವುದರಿಂದ ಅದುಮಿದರೆ ಕುಗ್ಗುವುದು ತೀರ ಕಡಿಮೆ. ಬಿಸಿಯಾದರೆ ಮಾತ್ರ ಅಣುಗಳ ಚಲನೆ ಹೆಚ್ಚಿ, ಅವು ದೂರ ಸರಿಯುತ್ತವೆ. ಶೀತಕದ ಅಣುಗಳ ನಡುವಿನ ಆಕರ್ಷಣೆ ದುರ್ಬಲವಾದ್ದರಿಂದ ಈ ಹಿಗ್ಗುವಿಕೆ ಬಲು ಜೋರು. 25ರಿಂದ 50 ಡಿಗ್ರಿಗೆ ಕಾಯಿಸಿದರೆ ಒಂದು ಲೀಟರ್ ನೀರು ಸುಮಾರು 9 ಮಿಲಿಲೀಟರ್ ಹಿಗ್ಗುತ್ತದೆ. ಈ ಶೀತಕ ಸುಮಾರು 95 ಮಿಲಿಲೀಟರ್!

ಈಗ 10 ಲೀಟರಿನ ಸಿಲಿಂಡರಿಗೆ ಒಬ್ಬರು 25 ಡಿಗ್ರಿಯಲ್ಲಿ ಒಂಬತ್ತೂವರೆ ಲೀಟರ್ ಶೀತಕ ತುಂಬಿದರೆನ್ನಿ. ಬಿಸಿಲಿನಲ್ಲಿ ನಿಂತ ಲಾರಿಯಲ್ಲಿ ಅದು 50 ಡಿಗ್ರಿಗೆ ಕಾದರೆ ದ್ರವಕ್ಕೆ 10 ಲೀಟರಿಗೂ ಹೆಚ್ಚು ಜಾಗ ಬೇಕು. ಜಾಗವೆಲ್ಲಿ? ಸಿಲಿಂಡರ್ ದ್ರವದಿಂದ ಭರ್ತಿಯಾದ ಮೇಲೆ ಒಂದೊಂದು ಡಿಗ್ರಿಗೂ ಒತ್ತಡ ಹಲವು ವಾಯುಮಂಡಲಗಳಷ್ಟು ಏರುತ್ತದೆ. ರಕ್ಷಣಾ ಕವಾಟ ಕೈಕೊಟ್ಟರೆ ಸಿಲಿಂಡರ್ ಸಿಡಿಯಬಹುದು.

ಒತ್ತಡಮಾಪಕ ಮೊದಲೇ ಎಚ್ಚರಿಸದೇ ಎಂದು ನೀವು ಕೇಳಬಹುದು. ಎಚ್ಚರಿಸದು. ಒಳಗೆ ದ್ರವ, ಆವಿ ಎರಡೂ ಇರುವವರೆಗೆ ಒತ್ತಡವನ್ನು ನಿರ್ಧರಿಸುವುದು ಉಷ್ಣತೆಯೇ ಹೊರತು ದ್ರವದ ಪ್ರಮಾಣವಲ್ಲ. ಕಾಲು ಭಾಗ ತುಂಬಿದ ಸಿಲಿಂಡರೂ ಕಂಠಮಟ್ಟ ತುಂಬಿದ ಸಿಲಿಂಡರೂ ಒಂದೇ ಅಂಕಿ ತೋರಿಸುತ್ತವೆ. ನಿಜ ಹೇಳುವುದು ತಕ್ಕಡಿ. ಆದ್ದರಿಂದಲೇ ಶೀತಕವನ್ನು ತೂಕಮಾಡಿ ತುಂಬುತ್ತಾರೆ. ಸಾಮಾನ್ಯವಾಗಿ ಐದರಲ್ಲಿ ನಾಲ್ಕು ಪಾಲು ಮಾತ್ರ.

ನಿಮ್ಮಲ್ಲಿ ಕೆಲವರು ಮುಂದೆ ಐಟಿಐ ಸೇರಿ ಈ ಕಸುಬನ್ನೇ ಹಿಡಿಯಬಹುದು. ಆಗ ಇದನ್ನು ಮರೆಯಬೇಡಿ: ಸಿಲಿಂಡರಿನಲ್ಲಿ ಬಿಟ್ಟ ಆ ಒಂದು ಪಾಲು ಖಾಲಿ ಜಾಗ ನಷ್ಟವಲ್ಲ, ಅದು ನಿಮ್ಮ ಪ್ರಾಣರಕ್ಷಣೆ.