ಆಕಾಶಕ್ಕೂ ಬೇಲಿ ಇದೆ, ಗೇಟು ಎಲ್ಲಿದೆ ಹೇಳಿ

ಇವತ್ತು ರಾಜಕೀಯ ಪಕ್ಕಕ್ಕಿಡೋಣ. ಸ್ವಲ್ಪ ತಲೆ ಎತ್ತಿ ಆಕಾಶ ನೋಡೋಣ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಯಾವ ಊರಿಗೆ ಬೇಕಾದ್ರೂ ಹೋಗಿ. ಮದುವೆ ಛತ್ರದ ಮೇಲೆ, ಜಾತ್ರೆಯ ತೇರಿನ ಮೇಲೆ ಒಂದು ಡ್ರೋನು ಗುಂಯ್ ಅಂತ ಸುತ್ತುತ್ತಿರುತ್ತೆ. ಪರ್ಮಿಷನ್ ಬೇಕಾ ಅಂತ ಕೇಳಿದ್ರೆ ಎರಡೇ ಉತ್ತರ. ಒಂದು, ‘ಏನೂ ಬೇಡ, ಇದು ಆಟದ ಸಾಮಾನು’. ಇನ್ನೊಂದು, ‘ಏರ್‌ಪೋರ್ಟ್ ಹತ್ತಿರ ಇದೆ, ಹಾರಿಸಿದ್ರೆ ಒಳಗೆ ಹಾಕ್ತಾರೆ’. ಎರಡೂ ತಪ್ಪು.

2021ರ ಮಾರ್ಚ್‌ನಲ್ಲಿ ಬಂದ ನಿಯಮದಲ್ಲಿ ಏರ್‌ಪೋರ್ಟ್ ಸುತ್ತ 45 ಕಿಲೋಮೀಟರ್ ಹಳದಿ ವಲಯ. ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಮಾಲೂರು ನೇರ ಗೆರೆ ಎಳೆದರೆ ಸುಮಾರು 33 ಕಿಲೋಮೀಟರ್. ಅಂದ್ರೆ ಮಾಲೂರು ಒಳಗೆ, ಕೋಲಾರ ಅಂಚಿನಲ್ಲಿ, ಶ್ರೀನಿವಾಸಪುರ, ಮುಳಬಾಗಿಲು ಹೊರಗೆ! ಐದೇ ತಿಂಗಳಲ್ಲಿ, ಆಗಸ್ಟ್ 25ರಂದು, ಹೊಸ ಡ್ರೋನ್ ನಿಯಮ ಬಂತು. 45 ಹೋಗಿ 12 ಆಯ್ತು. ಈಗ ಈ ನಾಲ್ಕೂ ಊರು ಆ ವೃತ್ತದಿಂದ ಆಚೆ.

12 ಯಾಕೆ? ಲೆಕ್ಕ ಸರಳ. ವಿಮಾನ ಇಳಿಯೋದು ಸುಮಾರು 3 ಡಿಗ್ರಿ ಇಳಿಜಾರಿನಲ್ಲಿ. 12 ಕಿಲೋಮೀಟರ್ ದೂರದಲ್ಲಿ ಅದು ಹೆಚ್ಚೂಕಮ್ಮಿ 2,000 ಅಡಿ ಮೇಲಿರುತ್ತೆ. ಎರಡು ಕಿಲೋಮೀಟರ್‌ಗೆ ಬಂದಾಗ 350 ಅಡಿಯೂ ಇಲ್ಲ. ನಿಮ್ಮ ಡ್ರೋನು ಹಾರೋ ಎತ್ತರವೂ ಅದೇ ಅಲ್ವಾ? ಅದಕ್ಕೇ 8ರಿಂದ 12 ಕಿಲೋಮೀಟರ್ ನಡುವೆ 200 ಅಡಿ ದಾಟಬಾರದು. 8ರ ಒಳಗೆ ಅನುಮತಿ ಇಲ್ಲದೆ ನೆಲ ಬಿಟ್ಟು ಏಳೋ ಹಾಗಿಲ್ಲ. ಉಳಿದ ಹಸಿರು ವಲಯದಲ್ಲಿ 400 ಅಡಿವರೆಗೆ ಯಾರನ್ನೂ ಕೇಳಬೇಕಿಲ್ಲ.

ಇದು ಅತಿಯಾಯ್ತು ಅನ್ನೋರಿಗೆ ಒಂದು ಮಾತು. 2018ರ ಡಿಸೆಂಬರ್, ಲಂಡನ್ನಿನ ಗ್ಯಾಟ್‌ವಿಕ್. ಡ್ರೋನು ಕಾಣಿಸಿತು ಅನ್ನೋ ದೂರುಗಳಿಗೇ ಸುಮಾರು ಸಾವಿರ ವಿಮಾನಗಳ ಸಂಚಾರ ಅಸ್ತವ್ಯಸ್ತ. ಲಕ್ಷಕ್ಕೂ ಹೆಚ್ಚು ಜನ ಕ್ರಿಸ್‌ಮಸ್ ಹೊತ್ತಲ್ಲಿ ಪರದಾಡಿದರು. ನಮ್ಮಲ್ಲೇ ಏರೋ ಇಂಡಿಯಾ ಬಂದ್ರೆ ಯಲಹಂಕದ ಸುತ್ತ ಮಾಂಸದಂಗಡಿ ಮುಚ್ಚಿಸ್ತಾರೆ, ಹದ್ದು ಬರಬಾರದು ಅಂತ. ಮೂಳೆ ಮಾಂಸದ ಹಕ್ಕಿಗೇ ಅಷ್ಟು ಭಯ. ಬ್ಯಾಟರಿ, ಮೋಟಾರು ಇರೋ ಹಕ್ಕಿಗೆ?

ಹಾಗಾದ್ರೆ ಮಾಲೂರಿನ ಹುಡುಗ ಆರಾಮಾಗಿರಬಹುದಾ? ಇಲ್ಲ ಸ್ವಾಮಿ. ಜಾಗ ಹಸಿರಾದ್ರೆ ಸಾಲದು, ಕಾಗದವೂ ಇರಬೇಕು. ಡ್ರೋನಿಗೆ ನೋಂದಣಿ ಸಂಖ್ಯೆ ಬೇಕು, ಶುಲ್ಕ ನೂರೇ ರೂಪಾಯಿ. 250 ಗ್ರಾಮ್ ಒಳಗಿನದಕ್ಕೆ ಪೈಲಟ್ ಪ್ರಮಾಣಪತ್ರ ಬೇಡ. ಎರಡು ಕೆ.ಜಿ.ವರೆಗೂ ಬೇಡ, ಆದರೆ ಹವ್ಯಾಸಕ್ಕೆ ಮಾತ್ರ. ಅದೇ ಡ್ರೋನಿನಲ್ಲಿ ಮದುವೆ ಶೂಟ್ ಮಾಡಿ ದುಡ್ಡು ತಗೊಂಡ್ರೆ ಅದು ವ್ಯವಹಾರ, ಪ್ರಮಾಣಪತ್ರ ಬೇಕೇ ಬೇಕು. ತರಬೇತಿಗೆ ಹತ್ತಾರು ಸಾವಿರ. ನಿಯಮ ಮೀರಿದ್ರೆ ದಂಡ ಒಂದು ಲಕ್ಷದವರೆಗೆ. ಸಾಲ ಮಾಡಿ ಕ್ಯಾಮೆರಾ ಕೊಂಡವನಿಗೆ ಒಂದು ಲಕ್ಷ ಅಂದ್ರೆ ಏನು ಅಂತ ದೆಹಲಿಯ ಕಚೇರಿಗೆ ಗೊತ್ತಾಗಲ್ಲ.

ನನ್ನ ತಕರಾರು ನಿಯಮದ ಮೇಲಲ್ಲ, ನಿಯಮ ಊರು ಮುಟ್ಟದೇ ಇರೋದರ ಮೇಲೆ. ಡಿಜಿಟಲ್ ಸ್ಕೈ ಜಾಲತಾಣದಲ್ಲಿ ನಕ್ಷೆ ಇದೆ, ಬಣ್ಣ ಇದೆ. ಎಸ್.ಪಿ. ದರ್ಜೆಯ ಅಧಿಕಾರಿ ತುರ್ತಿದ್ದಾಗ ಹಸಿರನ್ನೂ ತಾತ್ಕಾಲಿಕವಾಗಿ ಕೆಂಪು ಮಾಡಬಹುದು. ನಿನ್ನೆ ಹಸಿರಿದ್ದದ್ದು ಇವತ್ತು ಕೆಂಪಾಗಿದೆ ಅಂತ ಜಾತ್ರೆಗೆ ಬಂದ ಫೋಟೋಗ್ರಾಫರ್‌ಗೆ ಯಾರು ಹೇಳಬೇಕು? ತಾಲ್ಲೂಕು ಕಚೇರಿ ಮುಂದೆ, ಠಾಣೆ ಗೋಡೆ ಮೇಲೆ ಕನ್ನಡದಲ್ಲಿ ಒಂದು ಬೋರ್ಡು ಹಾಕೋಕೆ ಎಷ್ಟು ಖರ್ಚಾಗುತ್ತೆ? ಡ್ರೋನು ಮಾರುವ ಅಂಗಡಿಯವನು ಬಿಲ್ಲಿನ ಜೊತೆ ಒಂದು ಚೀಟಿ ಕೊಟ್ರೆ ಏನು ಕಷ್ಟ?

ಹುಡುಗರಿಗೂ ಹೇಳ್ತೀನಿ. ಮೇಲೆ ಹೋಗೋ ವಿಮಾನದಲ್ಲಿ ನೂರೆಂಬತ್ತು ಜನ ಇರ್ತಾರೆ, ಅದರಲ್ಲಿ ನಿಮ್ಮೂರಿನವರೂ ಇರಬಹುದು. ರಿಮೋಟ್ ಹಿಡಿಯೋ ಮೊದಲು ನಕ್ಷೆ ನೋಡಿ. ಎರಡು ನಿಮಿಷದ ಕೆಲಸ.

ಸರ್ಕಾರಕ್ಕೂ ಅಷ್ಟೇ. ದಂಡದ ರಸೀದಿ ಹರಿಯೋ ಮೊದಲು ಬೋರ್ಡು ಬರೆಸಿ.