ಕೂರಿಸುವುದಷ್ಟೇ ಗೌರವವಲ್ಲ

ನಮ್ಮ ಮನೆಗಳಲ್ಲಿ ಹಿರಿಯರ ಮೇಲಿನ ಪ್ರೀತಿ ಹೆಚ್ಚಾಗಿ ಒಂದೇ ಮಾತಿನಲ್ಲಿ ಹೊರಬರುತ್ತದೆ: “ನೀವು ಸುಮ್ಮನೆ ಕೂತಿರಿ, ನಾವು ಮಾಡ್ತೀವಿ.” ನೀರಿನ ಲೋಟ ಕೈಗೇ ಬರುತ್ತದೆ, ಊಟದ ತಟ್ಟೆ ಮಂಚದ ಬಳಿಗೇ ಬರುತ್ತದೆ, ಹಾಲು ತರಲು ಹೊರಟವರನ್ನು ಬಾಗಿಲಲ್ಲೇ ತಡೆಯುತ್ತೇವೆ. ಇದರ ಹಿಂದಿರುವ ಅಕ್ಕರೆ ನಿಜವಾದದ್ದು. ಆದರೆ ಆ ಅಕ್ಕರೆಯಿಂದ ಅವರಿಗೆ ಒಳಿತೇ ಆಗುತ್ತಿದೆಯೇ ಎಂದು ನಾವು ಕೇಳಿಕೊಳ್ಳಬೇಕು. ಮುಪ್ಪಿನಲ್ಲಿ ದೇಹಕ್ಕೆ ಬೇಕಾದದ್ದು ವಿಶ್ರಾಂತಿಯೊಂದೇ ಎಂದು ನಂಬಿಕೊಂಡಿದ್ದೇವೆ. ದೇಹ ನುಡಿಯುವ ಸಾಕ್ಷಿ ಬೇರೆಯೇ ಇದೆ.

1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ, ಇಪ್ಪತ್ತರ ಹರೆಯದ ಐವರು ಆರೋಗ್ಯವಂತ ತರುಣರನ್ನು 3 ವಾರ ಹಾಸಿಗೆಯಲ್ಲೇ ಮಲಗಿಸಿ ಪರೀಕ್ಷಿಸಿದರು. ಶ್ರಮಪಡುವಾಗ ದೇಹ ಎಷ್ಟು ಆಮ್ಲಜನಕವನ್ನು ಬಳಸಿಕೊಳ್ಳಬಲ್ಲದು ಎಂಬ ಅಳತೆ ಅಷ್ಟರಲ್ಲೇ ತೀರಾ ಕುಸಿದಿತ್ತು. 30 ವರ್ಷ ಕಳೆದು, ಅದೇ ಐವರು ಐವತ್ತು ಮುಟ್ಟಿದಾಗ ಮತ್ತೆ ಅಳೆದರು. 30 ವರ್ಷಗಳ ವಯಸ್ಸು ಕಿತ್ತುಕೊಂಡದ್ದಕ್ಕಿಂತ 3 ವಾರಗಳ ಹಾಸಿಗೆ ಕಿತ್ತುಕೊಂಡದ್ದೇ ಹೆಚ್ಚಾಗಿತ್ತು. ಆಮೇಲೆ ಆರು ತಿಂಗಳು ನಡಿಗೆ, ನಿಧಾನ ಓಟ, ಸೈಕಲ್ ಎಂದು ಅಭ್ಯಾಸ ಮಾಡಿಸಿದಾಗ, ವಯಸ್ಸಿನಿಂದ ಕಳೆದುಹೋಗಿದ್ದ ಆ ಸಾಮರ್ಥ್ಯ ಮರಳಿ ಬಂತು. ಐದೇ ಜನರ ಮೇಲಿನ ಪರೀಕ್ಷೆ ಎಲ್ಲರಿಗೂ ತೀರ್ಪಾಗುವುದಿಲ್ಲ, ನಿಜ. ಆದರೂ ವಯಸ್ಸಿನ ತಲೆಗೆ ನಾವು ಕಟ್ಟುವ ನಷ್ಟದಲ್ಲಿ ಎಷ್ಟೋ ಪಾಲು ಕೂತು ಕಳೆದದ್ದರಿಂದ ಬಂದದ್ದು ಎಂಬುದನ್ನು ಅದು ಕಾಣಿಸಿಕೊಟ್ಟಿತು.

“ಐವತ್ತರ ಮಾತು ಬಿಡಿ, ಎಂಬತ್ತು ದಾಟಿದ ಮೇಲೆ ಏನು ಪ್ರಯೋಜನ?” ಎನ್ನುವವರಿದ್ದಾರೆ. 1990ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿದೆ. ಬಾಸ್ಟನ್ನಿನ ವೃದ್ಧಾಶ್ರಮವೊಂದರಲ್ಲಿದ್ದ, ಸುಮಾರು 90 ವರ್ಷದ ಹತ್ತು ಮಂದಿಗೆ ವೈದ್ಯರ ನಿಗಾದಲ್ಲಿ 8 ವಾರ ಕಾಲಿನಿಂದ ಭಾರ ಎತ್ತಿಸಿದರು. ಒಬ್ಬರನ್ನುಳಿದು ಎಲ್ಲರೂ ಅಭ್ಯಾಸ ಪೂರೈಸಿದರು. ಕಾಲಿನ ಶಕ್ತಿ ಸರಾಸರಿ ಎರಡೂವರೆ ಪಟ್ಟಿಗೂ ಮೀರಿ ಬೆಳೆಯಿತು. ಇಬ್ಬರು ಊರುಗೋಲನ್ನೇ ಬಿಟ್ಟರು. ಈ ಬಲ ಎಲ್ಲಿ ಬೇಕಾಗುತ್ತದೆ ಎಂದು ತಿಳಿಯಲು ಕುರ್ಚಿಯಿಂದ ಏಳುವವರನ್ನು ನೋಡಿದರೆ ಸಾಕು. ಪಾದ ಹಿಂದಕ್ಕೆಳೆದು, ಎದೆ ಮುಂದೆ ಬಾಗಿಸಿ, ಕೈ ಊರದೆ ಮೇಲೇಳುವಾಗ ಮೈಭಾರವನ್ನು ಹೆಚ್ಚಾಗಿ ಹೊರುವುದು ತೊಡೆಯ ಸ್ನಾಯು. ಆ ಸ್ನಾಯು ಗಟ್ಟಿಯಿದ್ದವರು ನಡುರಾತ್ರಿ ಯಾರನ್ನೂ ಎಬ್ಬಿಸದೆ ಬಚ್ಚಲಿಗೆ ಹೋಗಿ ಬರುತ್ತಾರೆ. ಅದು ಸೋತವರು ಕರೆದು ಕಾಯುತ್ತಾರೆ. ಮುಪ್ಪಿನಲ್ಲಿ ಮಾನ ಎನ್ನುವುದು ಬಹುಮಟ್ಟಿಗೆ ಇಂಥ ಸಣ್ಣ ಸ್ವಾತಂತ್ರ್ಯಗಳಲ್ಲೇ ಇದೆ. ಆದ್ದರಿಂದ ಮೈ ಆಡಿಸಿ ಎನ್ನುವುದು ಆಯುಷ್ಯಕ್ಕೆ ಇನ್ನಷ್ಟು ವರ್ಷ ಸೇರಿಸುವ ಆಸೆಯಿಂದಲ್ಲ, ಇರುವ ವರ್ಷಗಳು ನಮ್ಮ ಕೈಯಲ್ಲೇ ಉಳಿಯಲಿ ಎಂದು.

ಬಿದ್ದುಬಿಟ್ಟರೆ ಎಂಬ ಭಯ ಸಹಜವಾದದ್ದು, ಏಕೆಂದರೆ ಸೊಂಟದ ಮೂಳೆ ಮುರಿದರೆ ಚೇತರಿಕೆ ಕಷ್ಟ. ಆದರೆ ಬೀಳುವ ಭಯದಿಂದ ಕೂತವರ ಕಾಲು ಇನ್ನೂ ಸೋಲುತ್ತದೆ, ಸಮತೋಲ ಇನ್ನೂ ತಪ್ಪುತ್ತದೆ, ಬೀಳುವುದು ಇನ್ನೂ ಹತ್ತಿರವಾಗುತ್ತದೆ. ವ್ಯಾಯಾಮ ಮಾಡುವ ಹಿರಿಯರು ಬೀಳುವ ಪ್ರಮಾಣ ಸುಮಾರು ಕಾಲುಭಾಗದಷ್ಟು ಇಳಿಯುತ್ತದೆ ಎಂದು ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿದ 2019ರ ಪರಿಶೀಲನೆ ಹೇಳುತ್ತದೆ. 65 ದಾಟಿದವರು ವಾರಕ್ಕೆ 150 ನಿಮಿಷವಾದರೂ ಚುರುಕಾಗಿ ನಡೆಯುವಂಥ ಚಟುವಟಿಕೆಯ ಜೊತೆಗೆ, ಮೂರು ದಿನ ಸಮತೋಲ ಮತ್ತು ಬಲದ ಅಭ್ಯಾಸ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ಕೊಟ್ಟಿರುವುದೂ ಇದಕ್ಕೇ. ಅಡುಗೆಕಟ್ಟೆ ಹಿಡಿದು ಒಂದು ಕಾಲಿನ ಮೇಲೆ ನಿಲ್ಲುವುದೂ ಅಂಥ ಅಭ್ಯಾಸವೇ. ಮಂಡಿನೋವು ಇದ್ದವರಿಗೂ, ಮಂಡಿಯ ಸುತ್ತಲಿನ ಸ್ನಾಯು ಬಲಿತರೆ ನೋವು ತಗ್ಗಬಹುದು. ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳಿ, ಸ್ವಲ್ಪದಿಂದ ಆರಂಭಿಸಬೇಕು.

ಇವೆಲ್ಲಕ್ಕಿಂತ ನ್ಯಾಯವಾದ ಆಕ್ಷೇಪ ಇನ್ನೊಂದಿದೆ. ಗದ್ದೆಯಲ್ಲಿ, ಗಾರೆ ಕೆಲಸದಲ್ಲಿ, ಒಲೆಯ ಮುಂದೆ ಜೀವಮಾನವಿಡೀ ಮೈ ಮುರಿದು ದುಡಿದವರಿಗೆ ಇನ್ನೂ ವ್ಯಾಯಾಮವೇ? ಅವರಿಗೆ ವಿಶ್ರಾಂತಿ ಹಕ್ಕಾಗಿಯೇ ಸಲ್ಲಬೇಕು. ಆದರೆ ಹೊರೆ ಇಳಿಸುವುದು ಬೇರೆ, ಚಲನೆ ನಿಲ್ಲಿಸುವುದು ಬೇರೆ. ಅವರ ಬೆನ್ನು ಸವೆಸಿದ್ದು ಬಿಡುವಿಲ್ಲದ, ಬೇರೆಯವರ ಅವಸರಕ್ಕೆ ತಕ್ಕ ದುಡಿಮೆ. ಈಗ ಬೇಕಾದದ್ದು ತಮ್ಮಿಷ್ಟದಂತೆ ಮಾಡುವ, ಸಾಕೆನಿಸಿದಾಗ ನಿಲ್ಲಿಸಬಹುದಾದ ಚಟುವಟಿಕೆ: ಗಿಡಕ್ಕೆ ನೀರು ಹಾಕುವುದು, ದೇವಸ್ಥಾನದ ತನಕ ನಡೆಯುವುದು, ಮೊಮ್ಮಗುವನ್ನು ಶಾಲೆಯಿಂದ ಕರೆತರುವುದು. ಎಷ್ಟು ದುಡಿದ ದೇಹವಾದರೂ ಕೂತುಬಿಟ್ಟರೆ ಗಳಿಸಿದ ಬಲವನ್ನು ಬೇಗ ಬಿಟ್ಟುಕೊಡುತ್ತದೆ.

ಹಾಗಾದರೆ ನಮ್ಮ ಕರ್ತವ್ಯವೇನು? ಹಿರಿಯರ ಕೆಲಸವನ್ನು ಕಸಿದುಕೊಳ್ಳುವುದು ಸುಲಭ, ಅದು ಬೇಗ ಮುಗಿಯುತ್ತದೆ. ಅವರು ನಿಧಾನವಾಗಿ ಮಾಡುವಾಗ ಪಕ್ಕದಲ್ಲಿದ್ದು ಕಾಯುವುದು ಕಷ್ಟ, ಅದಕ್ಕೆ ತಾಳ್ಮೆ ಬೇಕು. ಬಚ್ಚಲಿನಲ್ಲಿ ಹಿಡಿಕೆ, ಮೆಟ್ಟಿಲಿಗೆ ದೀಪ, ಸಂಜೆ ಜೊತೆಗೆ ನಡೆಯುವ ಒಂದು ಜೀವ, ಇಷ್ಟು ಮನೆಯವರಿಂದ ಆಗಬೇಕು. ಒಡೆದ ಚಪ್ಪಡಿಗಳಾಗಲಿ ನಿಲ್ಲಿಸಿದ ಬೈಕುಗಳಾಗಲಿ ಇಲ್ಲದ ಪಾದಚಾರಿ ಮಾರ್ಗ, ದಾರಿಯಲ್ಲಿ ಕೂರಲು ಒಂದು ಬೆಂಚು, ಇಷ್ಟು ಊರಿನಿಂದ ಆಗಬೇಕು. ಹಿರಿಯರ ಕಾಲಿಗೆ ಬೀಳುವ ಸಂಸ್ಕಾರ ನಮಗಿದೆ. ಆ ಕಾಲುಗಳು ನಡೆಯುತ್ತಲೇ ಇರುವಂತೆ ನೋಡಿಕೊಳ್ಳುವ ಹೊಣೆಯೂ ಅದೇ ಸಂಸ್ಕಾರಕ್ಕೆ ಸೇರಿದ್ದು.